ಕಡತದಲ್ಲಿರುವ ಚಿತ್ರ ತರಗತಿಗೆ ಬರಲಿ

ನಮ್ಮ ಬಂಧುಗಳಲ್ಲಿ ಪ್ರೌಢಶಾಲಾ ಶಿಕ್ಷಕಿಯೊಬ್ಬರಿದ್ದಾರೆ. ಕೆರೆಗಳ ಕುರಿತು ಮಕ್ಕಳಿಗಾಗಿ ಕಿರುಪುಸ್ತಿಕೆ ಸಿದ್ಧಪಡಿಸಲು ಹೊರಟ ಅವರಿಗೆ ಏರಿ, ತೂಬು, ಕೋಡಿಗಳನ್ನು ಸ್ಪಷ್ಟವಾಗಿ ತೋರಿಸುವ ಚಿತ್ರಗಳು ಬೇಕಿದ್ದವು. ಅಂತರ್ಜಾಲದಲ್ಲಿ ಚಿತ್ರಗಳೇನೋ ಸಿಕ್ಕವು. ಅವನ್ನು ಮುದ್ರಿಸುವ ಹಕ್ಕು ತಮಗಿದೆಯೇ ಎಂಬುದು ತಿಳಿಯಲಿಲ್ಲ. ಭೂಗೋಳದ ಪಾಠಕ್ಕೆ ನಾಸಾದ ಉಪಗ್ರಹ ಚಿತ್ರವನ್ನು ನಿಶ್ಚಿಂತೆಯಿಂದ ಬಳಸಿಕೊಂಡವರಿಗೆ ಪಕ್ಕದೂರಿನ ಕೆರೆಯ ತೂಬು ಎಟುಕಲಿಲ್ಲ.

ಈ ವೈಚಿತ್ರ್ಯಕ್ಕೆ ಕಾರಣ ಕಾನೂನಿನಲ್ಲಿದೆ. ಅಮೆರಿಕದ ಒಕ್ಕೂಟ ಸರ್ಕಾರದ ನೌಕರರು ಕರ್ತವ್ಯದ ಭಾಗವಾಗಿ ತೆಗೆದ ಚಿತ್ರಗಳಿಗೆ ಅಲ್ಲಿ ಕೃತಿಸ್ವಾಮ್ಯವಿಲ್ಲ. ನಮ್ಮಲ್ಲಿ 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಸರ್ಕಾರದ ಕೃತಿಗಳ ಮೇಲಿನ ಹಕ್ಕು ಪ್ರಕಟಣೆಯ ನಂತರ 60 ವರ್ಷ ಸರ್ಕಾರದ್ದೇ.

ಬೋಧನೆಯ ಸಂದರ್ಭದಲ್ಲಿ ಶಿಕ್ಷಕರು ಕೃತಿಗಳನ್ನು ಬಳಸಲು ಅದೇ ಕಾಯ್ದೆಯ 52ನೇ ವಿಧಿ ವಿನಾಯಿತಿ ನೀಡಿದೆ ಎಂಬುದು ನಿಜ. ದೆಹಲಿ ವಿಶ್ವವಿದ್ಯಾಲಯದ ನೆರಳಚ್ಚು ಪ್ರಕರಣದಲ್ಲಿ ದೆಹಲಿ ಹೈಕೋರ್ಟ್ 2016ರಲ್ಲಿ ಈ ವಿನಾಯಿತಿಯನ್ನು ಉದಾರವಾಗಿಯೇ ಅರ್ಥೈಸಿತು. ಆದರೆ ಪುಸ್ತಿಕೆ ತರಗತಿಯ ಹೊರಗೆ ಹೋಗಿ ಸಾರ್ವಜನಿಕವಾಗಿ ಪ್ರಕಟಗೊಂಡಾಗ ಅದರ ಆಸರೆ ಸಾಲುತ್ತದೆಂಬ ಭರವಸೆಯಿಲ್ಲ.

ಆದುದರಿಂದಲೇ ಮುಕ್ತ ಪರವಾನಗಿ ಮುಖ್ಯವಾಗುತ್ತದೆ. ಕ್ರಿಯೇಟಿವ್ ಕಾಮನ್ಸ್ ಸಂಸ್ಥೆ 2002ರಲ್ಲಿ ಹೊರತಂದ ಪರವಾನಗಿಗಳು ಕರ್ತೃವಿನ ಹೆಸರು ಸೂಚಿಸಿ ಬಳಸಲು ಮುಂಗಡವಾಗಿ ಅನುಮತಿ ನೀಡುತ್ತವೆ. ಇಲ್ಲೂ ಎಚ್ಚರ ಅಗತ್ಯ. ಉಚಿತವಾಗಿ ಕಾಣಸಿಗುವುದೆಲ್ಲ ಮುಕ್ತವಲ್ಲ. ಮಾರ್ಪಾಡು ನಿಷೇಧಿಸುವ ಪರವಾನಗಿಯಿದ್ದರೆ, ಚಿತ್ರದ ಮೇಲೆ ಬಾಣ ಎಳೆದು 'ತೂಬು' ಎಂದು ಬರೆಯುವುದೂ ತಕರಾರಿಗೆ ಎಡೆಯಾಗಬಹುದು. 2004ರಲ್ಲಿ ಆರಂಭವಾದ ವಿಕಿಮೀಡಿಯ ಕಾಮನ್ಸ್‌ನಲ್ಲಿ ಇಂದು 10 ಕೋಟಿಗೂ ಹೆಚ್ಚು ಕಡತಗಳಿವೆ. ಆದರೆ ಬಹುತೇಕ ವಿವರಣೆಗಳು ಅನ್ಯಭಾಷೆಗಳಲ್ಲಿರುವುದರಿಂದ ಕನ್ನಡ ಪದ ಕೊಟ್ಟು ಹುಡುಕುವವರಿಗೆ ದಕ್ಕುವುದು ಅಲ್ಪ.

ಹಾಗಾದರೆ ನಮ್ಮ ಕೆರೆಗಳ ಚಿತ್ರಗಳೇ ಇಲ್ಲವೇ? ಧಾರಾಳವಾಗಿವೆ. ಹೂಳೆತ್ತುವ ಕಾಮಗಾರಿಯ ಬಿಲ್ಲಿನೊಂದಿಗೆ ಕೆಲಸಕ್ಕೆ ಮುನ್ನ, ನಡುವೆ ಮತ್ತು ಮುಗಿದ ಬಳಿಕ ತೆಗೆದ ಛಾಯಾಚಿತ್ರಗಳನ್ನು ಲಗತ್ತಿಸುವ ಪದ್ಧತಿ ಇದೆ. ಸೇವೆಯಲ್ಲಿದ್ದಾಗ ಅಂತಹ ಎಷ್ಟೋ ಕಡತಗಳಿಗೆ ನಾನೇ ಸಹಿ ಹಾಕಿದ್ದೇನೆ. ಅವು ಶಾಲೆಗೂ ಉಪಯೋಗವಾದಾವು ಎಂಬ ಯೋಚನೆ ಅಂದು ನನಗೆ ಹೊಳೆಯಲಿಲ್ಲವೆಂದು ಒಪ್ಪಿಕೊಳ್ಳಬೇಕು.

ಒಬ್ಬರು ಬಳಸಿದರೆ ಇನ್ನೊಬ್ಬರಿಗೆ ಕಡಿಮೆಯಾಗದ ವಸ್ತುವನ್ನು ಅರ್ಥಶಾಸ್ತ್ರ ಸಾರ್ವಜನಿಕ ಸರಕಿನ ಸಾಲಿಗೆ ಸೇರಿಸುತ್ತದೆ. ಚಿತ್ರ ತೆಗೆಯುವ ವೆಚ್ಚವನ್ನು ಬೊಕ್ಕಸ ಒಮ್ಮೆ ಭರಿಸಿಯಾಗಿದೆ. ಮತ್ತೊಂದು ಶಾಲೆ ಅದನ್ನು ಬಳಸಿದರೆ ತಗಲುವ ಹೆಚ್ಚುವರಿ ವೆಚ್ಚ ನಗಣ್ಯ. ಹೀಗಿರುವಾಗ ಅದನ್ನು ಬೀಗಮುದ್ರೆಯಲ್ಲಿಡುವುದರಿಂದ ಯಾರಿಗೂ ಲಾಭವಿಲ್ಲ.

ಇದಕ್ಕೆ ಪೂರ್ವನಿದರ್ಶನಗಳೂ ಇವೆ. ಮೈಸೂರು ವಿಶ್ವವಿದ್ಯಾಲಯ ತನ್ನ ಕನ್ನಡ ವಿಶ್ವಕೋಶವನ್ನು 2014ರಲ್ಲಿ ಮುಕ್ತ ಪರವಾನಗಿಯಡಿ ಬಿಡುಗಡೆ ಮಾಡಿತು. ಕೇಂದ್ರ ಸರ್ಕಾರ 2017ರಲ್ಲಿ ಸರ್ಕಾರಿ ದತ್ತಾಂಶಗಳಿಗಾಗಿಯೇ ಮುಕ್ತ ಪರವಾನಗಿಯೊಂದನ್ನು ಅಧಿಸೂಚಿಸಿತು.

ರಾಜ್ಯ ಸರ್ಕಾರ ಈಗ ಮಾಡಬೇಕಾದುದು ಇಷ್ಟೇ: ಸಾರ್ವಜನಿಕ ಹಣದಿಂದ ತೆಗೆದ ಚಿತ್ರಗಳನ್ನು ಸ್ಥಳ, ದಿನಾಂಕ, ಕನ್ನಡ ವಿವರಣೆ ಹಾಗೂ ತೆಗೆದವರ ಹೆಸರಿನೊಂದಿಗೆ ಮುಕ್ತವಾಗಿ ಪ್ರಕಟಿಸಬೇಕೆಂದು ಎಲ್ಲ ಇಲಾಖೆಗಳಿಗೆ ಆದೇಶ ಹೊರಡಿಸುವುದು. ಮಕ್ಕಳ ಮುಖ ಗುರುತಾಗುವ ಚಿತ್ರಗಳು, ಅಪರೂಪದ ವನ್ಯಜೀವಿಗಳ ನೆಲೆ ಬಯಲುಮಾಡುವ ಚಿತ್ರಗಳು ಇದರಿಂದ ಹೊರಗಿರಲಿ. ವೃತ್ತಿನಿರತ ಛಾಯಾಗ್ರಾಹಕರ ಸ್ವಂತ ಕೃತಿಗಳನ್ನು ಮುಟ್ಟುವ ಪ್ರಶ್ನೆಯೇ ಇಲ್ಲ. ಅದು ಅವರ ಜೀವನೋಪಾಯ.

ಆ ಶಿಕ್ಷಕಿ ಕೊನೆಗೆ ತಾವೇ ಕೈಯಿಂದ ತೂಬಿನ ಚಿತ್ರ ಬರೆದು ಪುಸ್ತಿಕೆ ಮುಗಿಸಿದರು. ಅವರ ಶ್ರಮ ಮೆಚ್ಚತಕ್ಕದ್ದೇ. ಆದರೆ ಅದೇ ತೂಬಿನ ಛಾಯಾಚಿತ್ರ ಸರ್ಕಾರಿ ಕಪಾಟಿನಲ್ಲಿ ಧೂಳು ತಿನ್ನುತ್ತಿರುವಾಗ, ಆ ಶ್ರಮವನ್ನು ಅವರ ಮೇಲೆ ಹೇರಿದವರು ನಾವೇ.