ಎಣ್ಣೆ ತೊಳೆದೀತು, ಮಣ್ಣು ಮರಳೀತೇ?

ಚಂಡಮಾರುತ ಮಿಚಾಂಗ್‌ನ ಮಳೆಗೆ 2023ರ ಡಿಸೆಂಬರ್‌ನಲ್ಲಿ ಚೆನ್ನೈನ ಮಣಲಿ ಕೈಗಾರಿಕಾ ಪ್ರದೇಶದಿಂದ ಹರಿದ ಎಣ್ಣೆ ಬಕಿಂಗ್‌ಹ್ಯಾಮ್ ಕಾಲುವೆಯ ಮೂಲಕ ಎಣ್ಣೂರು ಅಳಿವೆಗೆ ನುಗ್ಗಿತು. ದೋಣಿ, ಬಲೆ, ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳೆಲ್ಲ ಕಪ್ಪಾದವು. ಕೆಸರಿನಿಂದ ಮೇಲಕ್ಕೆ ಚಾಚಿಕೊಂಡ, ಪೆನ್ಸಿಲ್ ದಪ್ಪದ ಉಸಿರುಬೇರುಗಳ ಸಣ್ಣ ರಂಧ್ರಗಳನ್ನು ಎಣ್ಣೆ ಮುಚ್ಚಿತೆಂದರೆ ಗಿಡ ನಿಂತಲ್ಲೇ ಉಸಿರುಗಟ್ಟುತ್ತದೆ. ಇಂಥದ್ದು ಕಣ್ಣಿಗೆ ಕಾಣುವ ಅನಾಹುತ. ಸುದ್ದಿಯಾಗುತ್ತದೆ, ಪರಿಹಾರವೂ ಘೋಷಣೆಯಾಗುತ್ತದೆ. ಆದರೆ ಉಷ್ಣ ವಿದ್ಯುತ್ ಸ್ಥಾವರಗಳ ಹಾರುಬೂದಿ ಮತ್ತು ಬಂದರಿನ ವಿಸ್ತರಣೆ ಅದೇ ಅಳಿವೆಯನ್ನು ದಶಕಗಳಿಂದ ಕಿರಿದಾಗಿಸುತ್ತಿದ್ದುದು ಯಾರ ನಿದ್ದೆಯನ್ನೂ ಅಷ್ಟಾಗಿ ಕೆಡಿಸಲಿಲ್ಲ. ಕರಾವಳಿಯ ಜವುಗು ನೆಲ ಎಣ್ಣೆಯಿಂದ ಚೇತರಿಸಿಕೊಳ್ಳುತ್ತದೋ ಇಲ್ಲವೋ ಎಂಬುದನ್ನು ತೀರ್ಮಾನಿಸುವುದು ಎಣ್ಣೆಗಿಂತ ಹೆಚ್ಚಾಗಿ ಅದರ ಅಡಿಯ ಮಣ್ಣು.

ಅಮೆರಿಕದ ಲೂಸಿಯಾನದಲ್ಲಿ ಇದು ಅಳತೆಗೆ ಸಿಕ್ಕಿದೆ. 2010ರ ಡೀಪ್‌ವಾಟರ್ ಹೊರೈಜನ್ ತೈಲ ರಿಗ್ ದುರಂತದ ಎಣ್ಣೆ ಜವುಗಿನ ಅಂಚಿನ ಹುಲ್ಲನ್ನು ಕೊಂದಾಗ, ಬೇರಿನ ಹಿಡಿತ ತಪ್ಪಿದ ದಂಡೆ ದುಪ್ಪಟ್ಟು ವೇಗದಲ್ಲಿ ಕುಸಿಯಿತು. ಸುಮಾರು ಒಂದೂವರೆ ವರ್ಷದಲ್ಲಿ ಉಳಿದ ನೆಲದಲ್ಲಿ ಹುಲ್ಲು ಚಿಗುರಿತು, ಕುಸಿದ ದಂಡೆ ಮಾತ್ರ ವಾಪಸು ಬರಲಿಲ್ಲ. ಬರುವುದಾದರೂ ಹೇಗೆ? ಮಿಸಿಸಿಪ್ಪಿಯ ಹೂಳನ್ನು ಅಣೆಕಟ್ಟು, ಒಡ್ಡುಗಳು ಮೊದಲೇ ತಡೆದಿದ್ದವು. ಎಣ್ಣೆ ಕಂಪನಿಗಳು ತೋಡಿದ ಕಾಲುವೆಗಳು ಜವುಗನ್ನು ಸೀಳಿ ಉಪ್ಪುನೀರನ್ನು ಒಳಕ್ಕೆ ಬಿಟ್ಟಿದ್ದವು. 1930ರ ದಶಕದಿಂದೀಚೆಗೆ ಅಲ್ಲಿ ಕರಗಿಹೋದ ಕರಾವಳಿ ನೆಲ ಸುಮಾರು 4,800 ಚದರ ಕಿಲೊಮೀಟರ್.

ಸಮುದ್ರದ ಗಾಳಿಯೂ ಸೋಕದ ತೆಲಂಗಾಣದ ಮದ್ದೂರು, ನಾರಾಯಣಪೇಟೆಗಳಿಗೆ ಈ ಕಥೆ ಏಕೆ ಎನ್ನಬಹುದು. ಮಕ್ತಲ್ ಸೀಮೆಯಲ್ಲಿ ತೆಲಂಗಾಣ ಹೊಕ್ಕು ಗದ್ವಾಲದ ಬಳಿ ಜುರಾಲಾ ಅಣೆಕಟ್ಟಿನಲ್ಲಿ ನಿಲ್ಲುವ ಕೃಷ್ಣೆಯೇ ಕೆಳಗೆ ನಾಗಾಯಲಂಕ, ಹಂಸಲದೀವಿಯ ಕಡೆ ಕಾಂಡ್ಲಾ ಕಾಡನ್ನು ಕಟ್ಟಿದ್ದು, ಅದೂ ನಮ್ಮ ಮೇಲ್ಸೀಮೆಯ ಮಣ್ಣಿನಿಂದ. ಆ ದಾರಿಯಲ್ಲಿನ ಶ್ರೀಶೈಲ ಜಲಾಶಯದ ಸಾಮರ್ಥ್ಯ 308 ಟಿಎಂಸಿ ಅಡಿಯಿಂದ 215ರ ಆಸುಪಾಸಿಗೆ ಇಳಿದಿದೆ. ಆ ಜಾಗ ತುಂಬಿದ ಹೂಳು ಅಣೆಕಟ್ಟಿಲ್ಲದಿದ್ದರೆ ಮುಂದೆ ಹರಿದು ಮುಖಜ ಭೂಮಿಯತ್ತ ಸಾಗುತ್ತಿತ್ತು. ಅತ್ತ ಕೃಷ್ಣಾ–ಗೋದಾವರಿ ಮುಖಜ ಭೂಮಿಯಲ್ಲಿ 1990ರ ದಶಕದಿಂದ ಸಿಗಡಿ ಹೊಂಡಗಳು ಹಬ್ಬಿವೆ. ಪಕ್ಕದಲ್ಲೇ ತೈಲ, ಅನಿಲದ ಬಾವಿಗಳೂ ಇವೆ. 1995ರ ಜನವರಿಯಲ್ಲಿ ಕೋನಸೀಮೆಯ ಪಾಶರ್ಲಪೂಡಿ ಬಾವಿ ಸ್ಫೋಟಿಸಿ ವಾರಗಟ್ಟಲೆ ಉರಿದಿತ್ತು. ಹೂಳಿಲ್ಲದೆ ಸೊರಗಿ, ಹೊಂಡಗಳ ನಡುವೆ ಇಕ್ಕಟ್ಟಾಗಿ ಉಳಿದ ಕಾಂಡ್ಲಾ ಪಟ್ಟಿಗೆ ನಾಳೆ ಎಣ್ಣೆ ಬಡಿದರೆ ಹಿಂದೆ ಸರಿಯಲು ಜಾಗವಿಲ್ಲ.

ಸಿಗಡಿ ವಿದೇಶಿ ವಿನಿಮಯ ತರುತ್ತದೆ, ಸಾವಿರಾರು ಮನೆಗಳ ಒಲೆ ಉರಿಸುತ್ತದೆ ಎಂಬ ವಾದ ಸುಳ್ಳಲ್ಲ. ಆದರೆ ರೋಗ ಬಿದ್ದು ಪಾಳು ಬಿದ್ದ ಹೊಂಡವನ್ನು ಮತ್ತೆ ಜವುಗಾಗಿಸುವ ಖರ್ಚು ಆ ಲೆಕ್ಕದ ಪುಸ್ತಕದಲ್ಲಿ ಇರುವುದಿಲ್ಲ. ಇದಕ್ಕಿಂತ ಗಟ್ಟಿಯಾದ ಆಕ್ಷೇಪ ನಮ್ಮ ಕಡೆಯದು. ಪಾಲಮೂರಿನ ಒಣಸೀಮೆಯಿಂದ ಗುಳೆ ಹೋಗುವವರಿಗೆ ಕಾಂಡ್ಲಾ ಕಾಡಿನ ಉಪದೇಶ ಮಾಡುವುದು ಸರಿಯೇ? ಕೃಷ್ಣೆಯ ನೀರೆತ್ತುವ ನಾರಾಯಣಪೇಟೆ–ಕೊಡಂಗಲ್ ಯೋಜನೆಗೆ 2024ರಲ್ಲಿ ಶಂಕುಸ್ಥಾಪನೆಯಾದಾಗ ಇಲ್ಲಿನ ರೈತ ಹಿಗ್ಗಿದ್ದು ನ್ಯಾಯವೇ. ನೀರು ಬೇಡವೆಂದು ಯಾರೂ ಹೇಳುತ್ತಿಲ್ಲ. ‘ವ್ಯರ್ಥವಾಗಿ ಸಮುದ್ರ ಸೇರುವ ನೀರು’ ಎಂದು ನಮ್ಮ ರಾಜಕಾರಣಿಗಳು ಪಕ್ಷಭೇದವಿಲ್ಲದೆ ಹೇಳುವ ಮಾತಿಗಷ್ಟೇ ತಕರಾರು. ಪ್ರವಾಹದ ನೀರಿನೊಂದಿಗೆ ಹೋಗುವ ಹೂಳೇ ಅಲ್ಲಿನ ನೆಲದ ಊಟ. ಆದರೆ 1970ರ ದಶಕದಲ್ಲಿ ಕೃಷ್ಣೆಯ ನೀರು ಹಂಚಿದ ಬಚಾವತ್ ನ್ಯಾಯಮಂಡಳಿ ಮಹಾರಾಷ್ಟ್ರಕ್ಕೆ 560, ಕರ್ನಾಟಕಕ್ಕೆ 700, ಅವಿಭಜಿತ ಆಂಧ್ರಕ್ಕೆ 800 ಎಂದು 2,060 ಟಿಎಂಸಿಯನ್ನೂ ಸಮುದ್ರಕ್ಕೆ ಪಾಲಿಡದೆ ಪೂರ್ತಿ ಹಂಚಿತು. ಜಲಾಶಯದ ಕೆಳಗೇಟುಗಳನ್ನು ಪ್ರವಾಹದ ದಿನಗಳಲ್ಲಿ ತೆರೆದು ಹೂಳು ಸಾಗಿಸುವುದು ಎಲ್ಲೆಲ್ಲಿ ಸಾಧ್ಯ ಎಂಬ ಪರಿಶೀಲನೆಯಾದರೂ ಮುಂದಿನ ಹಂಚಿಕೆಯ ಮಾತುಕತೆಗೆ ಮುಂಚೆ ಆಗಬೇಕು. ಹೊಸ ಏತ ನೀರಾವರಿ ಯೋಜನೆಗಳ ಪರಿಸರ ವರದಿಯೂ ಕಾಲುವೆಯ ಕೊನೆಯ ಹಳ್ಳಿಗೇ ನಿಲ್ಲದೆ ಹಂಸಲದೀವಿಯವರೆಗೆ ಹೋಗಬೇಕು.