ಸಲಮಾಂಕದಲ್ಲಿ ವಿದ್ಯೆ, ಟೆಕ್ಸಾಸಿನಲ್ಲಿ ಅಪರಾಧ

ಅಮೆರಿಕಾ ಸಂಯುಕ್ತ ಸಂಸ್ಥಾನದ ಕಾಲೇಜುಗಳಿಂದ ವರ್ಷವರ್ಷವೂ ಸಹಸ್ರಾರು ಹುಡುಗ ಹುಡುಗಿಯರು ಸ್ಪ್ಯಾನಿಷ್ ಕಲಿಯಲೆಂದು ಕಡಲು ದಾಟಿ ಸ್ಪೇನಿಗೆ ಹೋಗುತ್ತಾರೆ. ಮ್ಯಾಡ್ರಿಡ್, ಗ್ರನಾಡ, ೧೨೧೮ರಲ್ಲಿ ಹುಟ್ಟಿದ ವಿಶ್ವವಿದ್ಯಾನಿಲಯವುಳ್ಳ ಸಲಮಾಂಕ, ಇವೆಲ್ಲ ಅವರ ಯಾತ್ರಾಸ್ಥಳಗಳು. ನಾಲ್ಕೈದು ತಿಂಗಳು ಯಾವುದಾದರೂ ಒಂದು ಕುಟುಂಬದಲ್ಲಿ ಹಣ ಕೊಟ್ಟು ಇಳಿದುಕೊಳ್ಳುತ್ತಾರೆ. ಬೆಳಿಗ್ಗೆ ತರಗತಿ, ಸಂಜೆ ಊರು ಸುತ್ತುವುದು, ರಾತ್ರಿ ಮನೆಯಾಕೆ ಬಡಿಸಿದ ಊಟ, ಅವಳೊಡನೆ ಒಂದಿಷ್ಟು ಮಾತು. ಹಿಂದಿರುಗಿದ ಮೇಲೆ ಪದವಿಯ ಲೆಕ್ಕಕ್ಕೆ ಇಷ್ಟು ಅಂಕಗಳೆಂದು ಜಮೆಯಾಗುತ್ತದೆ.

ಇದು ತಪ್ಪೆಂದು ನಾವು ಹೇಳುವುದಿಲ್ಲ. ಭಾಷೆಯನ್ನು ಅದು ಬದುಕಿರುವ ಜಾಗದಲ್ಲಿ ಕಲಿಯುವುದೇ ಸರಿ. ಕೆಲವು ವರ್ಷ ಪಾಠ ಹೇಳಿದವರಾದ್ದರಿಂದ, ವ್ಯಾಕರಣದ ಪಟ್ಟಿಯನ್ನು ಬಾಯಿಪಾಠ ಮಾಡಿಸಿದರೆ ಬರುವ ಫಲವೆಷ್ಟೆಂಬುದು ನಮಗೆ ಗೊತ್ತು. ಸ್ಪ್ಯಾನಿಷಿನಲ್ಲಿ ನಮ್ಮ 'ಇರು' ಎಂಬುದರ ಜಾಗದಲ್ಲಿ ಸೆರ್, ಎಸ್ತಾರ್ ಎಂದು ಎರಡು ಕ್ರಿಯಾಪದಗಳಿವೆ. 'ಅಬುರ್ರಿದೊ' ಎಂಬ ಒಂದೇ ಮಾತನ್ನು ಎಸ್ತಾರ್ ಜೊತೆ ಹೇಳಿದರೆ 'ನನಗೆ ಬೇಸರವಾಗಿದೆ' ಎಂದಾಗುತ್ತದೆ; ಸೆರ್ ಜೊತೆ ಹೇಳಿದರೆ 'ನಾನು ಬೇಸರ ಹುಟ್ಟಿಸುವ ಆಸಾಮಿ' ಎಂದು. ಪುಸ್ತಕದಲ್ಲಿ ಓದಿದವನು ಇದನ್ನು ಪರೀಕ್ಷೆ ಮುಗಿದ ದಿನವೇ ಮರೆತಾನು. ಊಟದ ಮೇಜಿನಲ್ಲಿ ತಪ್ಪಾಡಿ ಮನೆಮಂದಿಯ ನಗೆಗೆ ಈಡಾದವನು ಜನ್ಮದಲ್ಲಿ ಮರೆಯಲಾರ.

ಆದರೆ ಹೋಗುವವರು ಯಾರು? ಹಗಲು ಓದಿ, ರಾತ್ರಿ ಹೋಟೆಲಿನಲ್ಲಿ ತಟ್ಟೆ ತೊಳೆದು ಫೀಜು ಕಟ್ಟುವ ವಿದ್ಯಾರ್ಥಿ ನಾಲ್ಕು ತಿಂಗಳು ಕೂಲಿ ಬಿಟ್ಟು ಹೋಗುವುದುಂಟೆ? ವಿಮಾನದ ದರ, ಊಟ, ವಸತಿಗಳ ಜೊತೆಗೆ ಕೈತಪ್ಪಿದ ಸಂಬಳವನ್ನೂ ಆತ ಲೆಕ್ಕಕ್ಕೆ ಹಿಡಿಯಬೇಕು. ಪರದೇಶಕ್ಕೆ ಓದಲು ಹೋಗುವ ಅಮೆರಿಕನ್ ವಿದ್ಯಾರ್ಥಿಗಳಲ್ಲಿ ಈಗ ಹೆಚ್ಚಿನವರು ಕೆಲವೇ ವಾರಗಳ ಮಟ್ಟಿಗೆ ಹೋಗಿಬರುವವರು. ಅಷ್ಟರಲ್ಲಿ ತಮ್ಮತಮ್ಮಲ್ಲೇ ಇಂಗ್ಲಿಷಿನಲ್ಲಿ ಹರಟುತ್ತ ಕಾಲ ಕಳೆದರೆ ಕಲಿತದ್ದೇನು ಬಂತು? ಯೂರೋಪಿನ ದೇಶಗಳು ೧೯೮೭ರಲ್ಲಿ ಎರಾಸ್ಮಸ್ ಎಂಬ ಯೋಜನೆ ಹೂಡಿ, ಸಾರ್ವಜನಿಕ ಹಣದಿಂದ ವಿದ್ಯಾರ್ಥಿವೇತನ ಕೊಟ್ಟು ವಿದ್ಯಾರ್ಥಿಗಳನ್ನು ಒಬ್ಬರ ದೇಶಕ್ಕೊಬ್ಬರು ಕಳಿಸತೊಡಗಿದವು. ಹೋದಲ್ಲಿ ಬೇರೆ ಬೋಧನಾ ಫೀಜಿಲ್ಲ. ಈ ದಾರಿ ನಮಗೆ ಒಪ್ಪಿಗೆ. ಆದರೂ ಆ ವೇತನ ಪೂರ್ತಿ ಖರ್ಚಿಗೆ ಸಾಲದು, ಮಿಕ್ಕದ್ದನ್ನು ಅಪ್ಪನ ಜೇಬೇ ತುಂಬಬೇಕು.

ಕ್ಯೂಬಾ ಮಾಡಿದ್ದು ಇನ್ನೂ ದೊಡ್ಡದು. ೧೯೯೮ರಲ್ಲಿ ಮಧ್ಯ ಅಮೆರಿಕಾವನ್ನು ಚಂಡಮಾರುತ ಧೂಳೀಪಟ ಮಾಡಿದ ಬಳಿಕ, ಮರುವರ್ಷವೇ ಹವಾನಾದ ಹೊರವಲಯದ ನೌಕಾಪಡೆಯ ಶಾಲೆಯೊಂದನ್ನು ಪರದೇಶಗಳ ಬಡ ಮಕ್ಕಳಿಗಾಗಿ ವೈದ್ಯಕೀಯ ವಿದ್ಯಾಲಯವಾಗಿ ಮಾರ್ಪಡಿಸಿದರು. ಬೋಧನೆ, ಊಟ, ವಸತಿ ಎಲ್ಲವೂ ಪುಕ್ಕಟೆ. ಸ್ಪ್ಯಾನಿಷ್ ಬಾರದವರಿಗೆ ಮೊದಲು ಭಾಷೆಯ ಪಾಠ, ಆಮೇಲೆ ವೈದ್ಯ. ಅಮೆರಿಕಾದ ಬಡ ಕೇರಿಗಳ ಹುಡುಗ ಹುಡುಗಿಯರೂ ಅಲ್ಲಿಗೆ ಹೋಗಿ ಡಾಕ್ಟರಾಗಿ ಬಂದಿದ್ದಾರೆ. ಕ್ಯೂಬಾದ ಏಕಪಕ್ಷದ ಆಡಳಿತವನ್ನು ನಾವು ಮೆಚ್ಚಿದವರಲ್ಲ. ಆದರೆ 'ಎಲ್ಲಿ ನೋವು?' ಎಂದು ರೋಗಿಯ ಭಾಷೆಯಲ್ಲಿ ಕೇಳಲು ಕಲಿತವನ ಸ್ಪ್ಯಾನಿಷ್ಷೇ ಬೇರೆ, ಬೇಸಿಗೆಯ ವಿಹಾರಕ್ಕೆ ಹೋದವನ ಸ್ಪ್ಯಾನಿಷ್ಷೇ ಬೇರೆ.

ಈಗ ಮುಖ್ಯ ಮಾತಿಗೆ ಬರೋಣ. ಈ ಭಾಷೆಯನ್ನರಸಿ ಕಡಲು ದಾಟುವ ಅಮೆರಿಕಾದೊಳಗೇ ನಾಲ್ಕು ಕೋಟಿಗೂ ಮಿಕ್ಕಿ ಜನ ಮನೆಯಲ್ಲಿ ಸ್ಪ್ಯಾನಿಷ್ ಆಡುತ್ತಾರೆ. ಕ್ಯಾಲಿಫೋರ್ನಿಯಾದ ಹೊಲಗಳಲ್ಲಿ ಹಣ್ಣು ಕೀಳುವವರ, ಗಾರೆ ಕೆಲಸದವರ, ಹೋಟೆಲುಗಳಲ್ಲಿ ಹಾಸಿಗೆ ಹಾಸುವ ಹೆಂಗಸರ ಮಾತು ಅದು. ಕ್ಯಾಲಿಫೋರ್ನಿಯಾ, ಟೆಕ್ಸಾಸ್‌ಗಳು ಒಂದು ಕಾಲಕ್ಕೆ ಮೆಕ್ಸಿಕೋಗೆ ಸೇರಿದ ನೆಲವೆಂಬುದನ್ನೂ ವಾಚಕರು ನೆನಪಿಡಬೇಕು. ಆ ಜನರ ಮಕ್ಕಳು ಶಾಲೆಗೆ ಬಂದಾಗ ನಡೆದದ್ದೇನು?

ಟೆಕ್ಸಾಸಿನ ಮಾರ್ಫಾ ಎಂಬ ಊರಿನಲ್ಲಿ ಬ್ಲ್ಯಾಕ್‌ವೆಲ್ ಶಾಲೆಯೆಂದಿತ್ತು. ಮೆಕ್ಸಿಕನ್ ಮೂಲದ ಮಕ್ಕಳನ್ನು ಬಿಳಿಯರ ಮಕ್ಕಳಿಂದ ಬೇರ್ಪಡಿಸಿ ಅಲ್ಲಿ ಕೂರಿಸುತ್ತಿದ್ದರು. ಸ್ಪ್ಯಾನಿಷ್ ಆಡಿದರೆ ಪೆಟ್ಟು. ೧೯೫೪ರಲ್ಲಿ ಆ ಮಕ್ಕಳ ಕೈಯಿಂದಲೇ ಚೀಟಿ ಬರೆಸಿ, ಆ ಚೀಟಿಗಳನ್ನು ಗುಂಡಿ ತೋಡಿ ಹೂಳಿಸಿ, 'ಮಿಸ್ಟರ್ ಸ್ಪ್ಯಾನಿಷ್' ಸತ್ತನೆಂದು ಅಂತ್ಯಕ್ರಿಯೆಯ ಆಟ ಆಡಿಸಿದರು. ತಾಯಿ ಮೊಲೆಹಾಲಿನ ಜೊತೆ ಕೊಟ್ಟ ಮಾತನ್ನು ಮಗು ತನ್ನ ಕೈಯಾರೆ ಮಣ್ಣು ಮಾಡಬೇಕಾಯಿತು! ಇದಾದ ನಾಲ್ಕೇ ವರ್ಷಕ್ಕೆ, ೧೯೫೮ರಲ್ಲಿ, ಅದೇ ದೇಶದ ನ್ಯೂಯಾರ್ಕ್ ವಿಶ್ವವಿದ್ಯಾನಿಲಯ ಮ್ಯಾಡ್ರಿಡ್ಡಿನಲ್ಲಿ ತನ್ನ ವಿದ್ಯಾರ್ಥಿಗಳಿಗೆ ಕೇಂದ್ರ ತೆರೆಯಿತು. ಒಂದೇ ಭಾಷೆ; ಹಣ ಕೊಟ್ಟು ಕಲಿತವನಿಗೆ ಅಂಕ, ಹುಟ್ಟಿನಿಂದ ಬಂದವನಿಗೆ ಬಾಸುಂಡೆ.

ಹಾಗೆಂದು ಸ್ಪ್ಯಾನಿಷ್ ಎಲ್ಲೆಡೆಯೂ ತುಳಿಸಿಕೊಂಡ ಭಾಷೆಯೇನಲ್ಲ. ಅಮೆರಿಕನ್ ವಿದ್ಯಾರ್ಥಿ ಮ್ಯಾಡ್ರಿಡ್ಡಿನಲ್ಲಿ ಅದನ್ನು ಆದರದಿಂದ ಕಲಿಯುತ್ತಿದ್ದ ಆ ದಿನಗಳಲ್ಲೇ, ಅದೇ ಸ್ಪ್ಯಾನಿಷಿನ ಹೆಸರಿನಲ್ಲಿ ಫ್ರಾಂಕೋನ ಸರ್ವಾಧಿಕಾರ ಕತಲಾನ್, ಬಾಸ್ಕ್ ಭಾಷೆಗಳನ್ನು ಶಾಲೆಗಳಿಂದ ಹೊರಗಟ್ಟಿತ್ತು. ಬಾರ್ಸಿಲೋನದಲ್ಲಿ ಲಾಠಿ ಹಿಡಿದ ಭಾಷೆಯೇ ಮಾರ್ಫಾದಲ್ಲಿ ಏಟು ತಿಂದಿತು. ದೂರದ ಮಾತೇಕೆ? ಕನ್ನಡ ಆಡಿದ ಮಗುವಿಗೆ ದಂಡ ಹಾಕುವ ಇಂಗ್ಲಿಷ್ ಶಾಲೆಗಳು ನಮ್ಮ ನಾಡಿನಲ್ಲೇ ಇವೆ. ದಂಡ ತೆತ್ತ ತಂದೆ ಇದು ಒಳ್ಳೆಯ ಶಾಲೆಯೆಂದು ಮೀಸೆ ತಿರುವುತ್ತಾನೆ.

೧೯೬೮ರ ಮಾರ್ಚಿಯಲ್ಲಿ ಪೂರ್ವ ಲಾಸ್ ಏಂಜಲೀಸಿನ ಸಾವಿರಾರು ಹೈಸ್ಕೂಲು ವಿದ್ಯಾರ್ಥಿಗಳು ತರಗತಿ ಬಹಿಷ್ಕರಿಸಿ ಬೀದಿಗಿಳಿದರು. ಸ್ಪ್ಯಾನಿಷ್ ಆಡಿದ್ದಕ್ಕೆ ಶಿಕ್ಷೆ ನಿಲ್ಲಬೇಕು, ಎರಡು ಭಾಷೆಗಳಲ್ಲಿ ಪಾಠ ಬೇಕು ಎಂಬುದು ಅವರ ಬೇಡಿಕೆಗಳಲ್ಲೊಂದು. ಹೋರಾಟ ಅಲ್ಲಿಗೆ ಮುಗಿಯಲಿಲ್ಲ. ೧೯೯೮ರಲ್ಲಿ ಕ್ಯಾಲಿಫೋರ್ನಿಯಾದ ಮತದಾರರು ದ್ವಿಭಾಷಾ ಶಿಕ್ಷಣದ ಕತ್ತು ಹಿಸುಕುವ ಶಾಸನಕ್ಕೆ ಒಪ್ಪಿಗೆಯಿತ್ತರು. ೨೦೧೬ರಲ್ಲಿ ಅವರೇ ಅದನ್ನು ಕಿತ್ತುಹಾಕಿದರು. ೨೦೨೫ರ ಮಾರ್ಚಿಯಲ್ಲಿ ಅಧ್ಯಕ್ಷ ಟ್ರಂಪ್ ಇಂಗ್ಲಿಷೇ ರಾಷ್ಟ್ರದ ಅಧಿಕೃತ ಭಾಷೆಯೆಂದು ಆಜ್ಞೆ ಹೊರಡಿಸಿದರು. ಆ ಆಜ್ಞೆಯಿಂದ ಸಲಮಾಂಕಕ್ಕೆ ಹೋಗುವ ಧನಿಕರ ಮಗನಿಗೆ ಕೂದಲೂ ಕೊಂಕದು. ಸರ್ಕಾರಿ ಕಚೇರಿಯ ಕಿಟಕಿಯ ಮುಂದೆ ಕಾಗದ ಹಿಡಿದು ನಿಂತ ತೋಟದ ಕೂಲಿಗೆ ಅದರ ಬಿಸಿ ತಟ್ಟುತ್ತದೆ.

ಸ್ಪೇನಿಗೆ ಹೋಗುವವರನ್ನು ತಡೆಯಿರೆಂದು ನಾವು ಕೇಳುತ್ತಿಲ್ಲ. ಹೋಗಲಿ, ಇನ್ನೂ ಹೆಚ್ಚು ಜನ ಹೋಗಲಿ. ತಟ್ಟೆ ತೊಳೆಯುವ ವಿದ್ಯಾರ್ಥಿಯೂ ಹೋಗುವಂತೆ, ಆತ ಕಳೆದುಕೊಳ್ಳುವ ಕೂಲಿಯನ್ನೂ ಸೇರಿಸಿ ವಿಶ್ವವಿದ್ಯಾನಿಲಯವೇ ವೇತನ ಕೊಡಲಿ. ಜೊತೆಗೆ, ಕೂಲಿಯ ಮಗಳು ಮನೆಯಿಂದಲೇ ತಂದ ಸ್ಪ್ಯಾನಿಷನ್ನು ಅದೇ ಪರೀಕ್ಷೆಯಲ್ಲಿ ಅಳೆದು, ಸಲಮಾಂಕದಿಂದ ಬಂದವನಿಗೆ ಕೊಡುವಷ್ಟೇ ಅಂಕವನ್ನು ಅವಳಿಗೂ ಕೊಡಲಿ. ಇದು ಆಗದ ಹೋಗದ ಮಾತಲ್ಲ. ೨೦೧೧ರಲ್ಲಿ ಕ್ಯಾಲಿಫೋರ್ನಿಯಾ ಮಾಡಿದ ಶಾಸನದಂತೆ, ಇಂಗ್ಲಿಷಿನ ಜೊತೆ ಇನ್ನೊಂದು ಭಾಷೆಯಲ್ಲೂ ಪ್ರೌಢಿಮೆ ತೋರಿದ ಹೈಸ್ಕೂಲು ವಿದ್ಯಾರ್ಥಿಯ ಪ್ರಮಾಣಪತ್ರಕ್ಕೆ ಸರ್ಕಾರವೇ ಮುದ್ರೆ ಹಾಕಿಕೊಡುತ್ತದೆ. ಆ ಭಾಷೆಯನ್ನು ಶಾಲೆಯಲ್ಲಿ ಕಲಿತೆಯೋ, ಅಜ್ಜಿಯ ಬಳಿ ಕಲಿತೆಯೋ ಎಂದು ಅದು ಕೇಳುವುದಿಲ್ಲ.