ಮಾತಿನ ಬಾನುಲಿಯ ಒಂದು ದಿನ

ಪರರಲ್ಲಿ ಗ್ರಾಹ್ಯವಾದುದು ಇದ್ದರೆ ಅದನ್ನು ಗ್ರಹಿಸುವುದಕ್ಕೆ ದೇಶಾಭಿಮಾನವು ಅಡ್ಡಬರಲಾಗದು. ಬ್ರಿಟನ್ನಿನ ಬಿ.ಬಿ.ಸಿ. ಸಂಸ್ಥೆಯ ‘ರೇಡಿಯೋ 4’ ಎಂಬ ಬಾನುಲಿಯನ್ನು ಕುರಿತು ನಾಲ್ಕು ಮಾತು ಬರೆಯಲು ನಾವು ಹೊರಟಿರುವುದು ಈ ಭಾವನೆಯಿಂದಲೇ. ಹಿಂದಿನ ‘ಹೋಮ್ ಸರ್ವಿಸ್’ನ ಸ್ಥಾನದಲ್ಲಿ 1967ರ ಸೆಪ್ಟೆಂಬರ್ 30ರಂದು ಆರಂಭವಾದ ಈ ಬಾನುಲಿಯಲ್ಲಿ ಸಂಗೀತವು ಅತ್ಯಲ್ಪ, ವ್ಯಾಪಾರದ ಜಾಹೀರಾತು ಇಲ್ಲವೇ ಇಲ್ಲ. ನಸುಕಿನಿಂದ ನಡುರಾತ್ರಿಯವರೆಗೆ ಕೇಳಿಬರುವುದು ಮನುಷ್ಯರ ಮಾತು. ಇದರ ವೆಚ್ಚವು ಟೆಲಿವಿಷನ್ ಇಟ್ಟುಕೊಂಡ ಮನೆಗಳು ತೆರುವ ಪರವಾನಗಿ ಶುಲ್ಕದಿಂದ ಸಲ್ಲುತ್ತದೆ. ಬರಿಯ ಬಾನುಲಿಗಾಗಿ ಇದ್ದ ಶುಲ್ಕವನ್ನು 1971ರಲ್ಲಿಯೇ ತೆಗೆದುಹಾಕಿದರು.

ವಾರದ ಒಂದು ಸಾಧಾರಣ ದಿನವನ್ನು ನೋಡಿರಿ. ಬೆಳಗಿನ ಆರು ಗಂಟೆಗೆ ಮುಂಚೆಯೇ ಪ್ರಾರ್ಥನೆ ಮುಗಿದು ಒಕ್ಕಲಿಗರ ವಾರ್ತೆ ಬರುವುದು. ಆರರಿಂದ ಒಂಬತ್ತರವರೆಗೆ 1957ರಲ್ಲಿ ಆರಂಭವಾದ ‘ಟುಡೇ’. ಇಲ್ಲಿ ಮಂತ್ರಿಯು ಭಾಷಣ ಮಾಡಲು ಬರುವುದಿಲ್ಲ, ಪ್ರಶ್ನೆಗಳಿಗೆ ಗುರಿಯಾಗಲು ಬರುತ್ತಾನೆ. ಉತ್ತರವು ಜಾರಿಕೊಂಡರೆ ಅದೇ ಪ್ರಶ್ನೆಯು ಮತ್ತೆ ಬರುವುದು; ದೇಶವೆಲ್ಲ ಕಾಫಿ ಕುಡಿಯುತ್ತ ಆ ಜಾರುವಿಕೆಯನ್ನು ಕೇಳುವುದು. ಅನಂತರ ‘ವುಮನ್ಸ್ ಅವರ್’. 1946ರಲ್ಲಿ ಬೇರೊಂದು ಬಿ.ಬಿ.ಸಿ. ಬಾನುಲಿಯಲ್ಲಿ ಹುಟ್ಟಿದ ಈ ಮಹಿಳಾ ಕಾರ್ಯಕ್ರಮವನ್ನು ಮೊದಲು ನಡೆಸಿಕೊಟ್ಟವರು ಒಬ್ಬ ಪುರುಷರೆಂಬುದು ಆ ಕಾಲದ ಬುದ್ಧಿಯನ್ನು ಚೆನ್ನಾಗಿ ತೋರಿಸುತ್ತದೆ! ಗುರುವಾರದ ಬೆಳಿಗ್ಗೆ ಮೂವರು ವಿದ್ವಾಂಸರನ್ನು ಕೂರಿಸಿಕೊಂಡು ಒಂದೇ ವಿಷಯವನ್ನು ಚರ್ಚಿಸುವ ‘ಇನ್ ಅವರ್ ಟೈಮ್’ ಎಂಬುದನ್ನು ಮೆಲ್ವಿನ್ ಬ್ರ್ಯಾಗ್ ಎಂಬವರು 1998ರಿಂದ 2025ರವರೆಗೆ ನಡೆಸಿದರು. ನಮ್ಮ ಅಶೋಕ ಚಕ್ರವರ್ತಿಯೂ ಅಲ್ಲಿ ಚರ್ಚೆಗೆ ಬಂದಿರುವನು, ಗಿಡಗಳ ಎಲೆಗಳು ಬಿಸಿಲಿನಿಂದ ಆಹಾರ ಮಾಡಿಕೊಳ್ಳುವ ಬಗೆಯೂ ಬಂದಿರುವುದು.

ಸಂಜೆ ಏಳರ ವಾರ್ತೆಯಾದೊಡನೆ ‘ದಿ ಆರ್ಚರ್ಸ್’ ಎಂಬ ಹಳ್ಳಿಯ ಕಥೆ. 1951ರ ಜನವರಿ 1ರಿಂದ ದೇಶಕ್ಕೆಲ್ಲ ಬಿತ್ತರವಾಗತೊಡಗಿದ ಇದರ ಮೂಲೋದ್ದೇಶವು ವಿನೋದವಲ್ಲ. ಯುದ್ಧವು ಮುಗಿದಿದ್ದರೂ ಆ ದೇಶದಲ್ಲಿ ಪಡಿತರವು 1954ರವರೆಗೂ ಮುಗಿಯಲಿಲ್ಲ. ಹೆಚ್ಚು ಬೆಳೆಯಿರೆಂದು ರೈತನಿಗೆ ಹೇಳಬೇಕಾಗಿತ್ತು. ಸರಕಾರೀ ಸುತ್ತೋಲೆಯನ್ನು ಯಾರು ಓದುತ್ತಾರೆ? ಆದುದರಿಂದ ಆಂಬ್ರಿಜ್ ಎಂಬ ಕಲ್ಪಿತ ಗ್ರಾಮವನ್ನು ಕಟ್ಟಿ, ಅಲ್ಲಿಯ ಒಕ್ಕಲು ಮನೆತನದ ಜಗಳ, ಮದುವೆ, ಮರಣಗಳ ನಡುವೆ ಬೇಸಾಯದ ಹೊಸ ತಿಳಿವಳಿಕೆಯನ್ನು ಹುದುಗಿಸಿದರು. ಉಪದೇಶವು ಎಂದೋ ಹಿಂದೆ ಸರಿಯಿತು, ಕಥೆಯು ಉಳಿದುಕೊಂಡಿತು.

ರಾತ್ರಿ, ಪಾರ್ಲಿಮೆಂಟು ಸೇರಿರುವ ದಿನಗಳಲ್ಲಿ, ಅಲ್ಲಿ ಯಾರು ಏನೆಂದರೆಂಬ ವರದಿ. ಇದು 1945ರಿಂದ ನಡೆದುಬಂದಿದೆ. ಕಡೆಗೆ, ನಡುರಾತ್ರಿ ಕಳೆದ ಮೇಲೆ, ಹಡಗುಗಳಿಗಾಗಿ ಹವಾಮಾನದ ಮುನ್ಸೂಚನೆ. ದ್ವೀಪದ ಸುತ್ತಣ ಸಮುದ್ರವನ್ನು 31 ವಿಭಾಗಗಳನ್ನಾಗಿ ಮಾಡಿದ್ದಾರೆ: ಡಾಗರ್, ಫಿಷರ್, ಜರ್ಮನ್ ಬೈಟ್ ಎಂದು ಹೆಸರುಗಳು ಒಂದಾದಮೇಲೊಂದು ಬರುವುವು; ಪ್ರತಿಯೊಂದಕ್ಕೂ ಗಾಳಿ, ಮಳೆ, ಕಾಣುವ ದೂರ. ಒಂದು ಪದವೂ ಹೆಚ್ಚಿಲ್ಲ. ಹಾಸಿಗೆಯಲ್ಲಿ ಮಲಗಿದ ಗುಮಾಸ್ತನಿಗೆ ಡಾಗರಿನ ಗಾಳಿಯಿಂದ ಆಗಬೇಕಾದುದೇನೂ ಇಲ್ಲ. ಆದರೂ ಆತನು ಕೇಳುತ್ತಾನೆ. ತನ್ನ ದೇಶದವರು ಯಾರೋ ಆ ಕತ್ತಲೆಯ ನೀರಿನ ಮೇಲೆ ಇದ್ದಾರೆಂಬ ಅರಿವು ಆತನಿಗೆ ಆಗುತ್ತದೆ. ರೈತನ ವಾರ್ತೆಯನ್ನು ಪಟ್ಟಣಿಗನೂ, ಪಾರ್ಲಿಮೆಂಟಿನ ವರದಿಯನ್ನು ಅಡಿಗೆಮನೆಯೂ, ನಾವಿಕನ ವಾರ್ತೆಯನ್ನು ಗುಮಾಸ್ತನೂ ಕೇಳುವ ಈ ಬೆರಕೆಯನ್ನೇ ನಾವು ಮೆಚ್ಚುವುದು.

ಹಾಗೆಂದು ಬಿ.ಬಿ.ಸಿ.ಯ ಸ್ತೋತ್ರಪಾಠವನ್ನು ನಾವು ಮಾಡಲಾರೆವು. 1926ರ ಸಾರ್ವತ್ರಿಕ ಮುಷ್ಕರದಲ್ಲಿ ಮಜೂರ ಪಕ್ಷದ ಮುಖಂಡರಾದ ರಾಮ್ಸೇ ಮ್ಯಾಕ್‌ಡೊನಾಲ್ಡರಿಗೇ ಅದರಲ್ಲಿ ಮಾತನಾಡಲು ಅವಕಾಶ ದೊರೆಯಲಿಲ್ಲ. ಭಾರತದ ಬಾನುಲಿಯನ್ನು ಆಂಗ್ಲ ಸರಕಾರವು ತನ್ನ ಮುಷ್ಟಿಯಲ್ಲಿ ಇಟ್ಟುಕೊಂಡುದರಿಂದಲೇ 1942ರಲ್ಲಿ ಉಷಾ ಮೆಹತಾ ಮೊದಲಾದವರು ಮುಂಬಯಿಯಲ್ಲಿ ಗುಪ್ತ ಕಾಂಗ್ರೆಸ್ ರೇಡಿಯೋ ನಡೆಸಿ ಸೆರೆಮನೆ ಸೇರಬೇಕಾಯಿತು. ಆದರೆ 1956ರ ಸುಯೆಜ್ ಪ್ರಕರಣದಲ್ಲಿ, ಸೈನ್ಯವು ಹೊರಟಿದ್ದ ಹೊತ್ತಿನಲ್ಲಿಯೇ, ಪ್ರಧಾನಿ ಈಡನ್ನರ ಭಾಷಣಕ್ಕೆ ವಿರೋಧ ಪಕ್ಷದ ಗೇಟ್ಸ್‌ಕೆಲ್ಲರು ಪ್ರತ್ಯುತ್ತರ ಕೊಡಲು ಅದೇ ಬಿ.ಬಿ.ಸಿ.ಯು ಎಡೆಗೊಟ್ಟಿತು. ಮೂವತ್ತು ವರ್ಷಗಳಲ್ಲಿ ಅದು ಕಲಿತ ಪಾಠವಿದು.

ನಾವು ಏನು ಕಲಿತೆವು? ಕನ್ನಡಿಗರು ಈ ವಿಷಯದಲ್ಲಿ ಹಿಂದೆ ಬಿದ್ದವರಲ್ಲ. ಮೈಸೂರಿನ ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲಿಯೇ ನಿಲಯವೊಂದನ್ನು ಸ್ಥಾಪಿಸಿದರು. ಅದರ ‘ಆಕಾಶವಾಣಿ’ ಎಂಬ ಹೆಸರೇ ಮುಂದೆ ಇಡೀ ದೇಶದ ಬಾನುಲಿಗೆ ಸಂದಿತು. ಹೆಸರನ್ನು ಕೊಟ್ಟೆವು, ಸ್ವಾತಂತ್ರ್ಯವು ಅದರೊಡನೆ ಹೋಗಲಿಲ್ಲ. 1990ರ ಪ್ರಸಾರ ಭಾರತಿ ಕಾಯಿದೆಯು ತಿಳಿಸುವುದು, ಕಲಿಸುವುದು, ರಂಜಿಸುವುದು ಎಂಬ ಮೂರು ಕರ್ತವ್ಯಗಳನ್ನು ವಿಧಿಸಿದೆ. ಬಿ.ಬಿ.ಸಿ.ಯ ಮೊದಲ ಮಹಾನಿರ್ದೇಶಕ ರೀತ್ ಅವರ ಸೂತ್ರವೇ ಅದು. ವಾಯುತರಂಗಗಳು ಸಾರ್ವಜನಿಕ ಸ್ವತ್ತೆಂದು 1995ರಲ್ಲಿ ಸರ್ವೋಚ್ಚ ನ್ಯಾಯಾಲಯವು ತೀರ್ಪಿತ್ತಿತು. ಹೀಗಿದ್ದೂ 2011ರ ನೀತಿಯು ಖಾಸಗೀ ಎಫ್.ಎಂ. ನಿಲಯಗಳಿಗೆ ಅನುಮತಿಸಿದ್ದು ಆಕಾಶವಾಣಿಯ ವಾರ್ತೆಯನ್ನು ಇದ್ದಂತೆಯೇ ಮರುಪ್ರಸಾರ ಮಾಡುವುದನ್ನು ಮಾತ್ರ. ಗಂಟೆಗೆ ಹತ್ತು ನಿಮಿಷ ಸ್ವಂತ ವಾರ್ತೆಗೆ ಅವಕಾಶವಿರಲೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು 2023ರಲ್ಲಿ ಸಲಹೆ ಮಾಡಿತು. ಇತ್ತ 1988ರಲ್ಲಿ ಆರಂಭವಾಗಿದ್ದ ಆಕಾಶವಾಣಿಯ ರಾಷ್ಟ್ರೀಯ ವಾಹಿನಿಯನ್ನು 2019ರ ಜನವರಿಯಲ್ಲಿ ಮುಚ್ಚಿದರು. ಅದಕ್ಕಾಗಿ ಅತ್ತವರು ಎಷ್ಟು ಮಂದಿ?

ದೊಡ್ಡ ಯೋಜನೆಗಳನ್ನು ನಾವು ಕೇಳುತ್ತಿಲ್ಲ. ಬೆಂಗಳೂರು, ಧಾರವಾಡ, ಮೈಸೂರು ನಿಲಯಗಳ ಪೈಕಿ ಯಾವುದಾದರೊಂದು ದಿನಕ್ಕೆ ಒಂದು ಗಂಟೆಯನ್ನು ತೆಗೆದಿಡಲಿ. ಮಂತ್ರಿಗಳೋ ಜಿಲ್ಲಾಧಿಕಾರಿಗಳೋ ಬಂದು, ಮುಂದಾಗಿ ಬರೆದುಕೊಡದ ಪ್ರಶ್ನೆಗಳಿಗೆ ಕನ್ನಡದಲ್ಲಿ ಉತ್ತರ ಕೊಡಲಿ. ಇದಕ್ಕೆ ಹೊಸ ಕಾಯಿದೆ ಬೇಡ, ಹೊಸ ಕಟ್ಟಡ ಬೇಡ. ಒಂದು ಮೇಜು, ಎರಡು ಕುರ್ಚಿ ಈಗಾಗಲೇ ಅಲ್ಲಿ ಇವೆ.